ಎರಡನೇ ಸಲದ ಸಾಕ್ಷಿ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಊದಿದ ಮಂಡಿ ನೀವಿಕೊಳ್ಳುತ್ತ ಕ್ಷೌರಿಕ ಕೂತಿದ್ದ. ಕತ್ತರಿ ಆಡಿಸುತ್ತಲೇ ಊರ ಮಾತೆಲ್ಲ ಕೇಳಿ ಪಳಗಿದ ಕಿವಿ ಅವನದು. ಪಕ್ಕದ ಬೆಂಚಿನಲ್ಲಿ ಅಕ್ಕನೊಬ್ಬಳು ತನ್ನ ತಂಗಿಯನ್ನು ತರಾಟೆಗೆ ತೆಗೆದುಕೊಂಡಿದ್ದಳು. ತಂಗಿಯ ಗಂಡ ಒಳಗಿದ್ದ.

“ಗಂಡನಿಗೆ ಪೂರ್ತಿ ವಾಸಿಯಾಯ್ತು ಅಂತ ಚರ್ಚಲ್ಲಿ ಮೈಕ್ ಹಿಡ್ಕೊಂಡು ಸಾಕ್ಷಿ ಹೇಳಿದ್ಯಲ್ಲೇ. ಈಗೇನಂತೆ?”

“ಆಗ ವಾಸಿಯಾಗಿತ್ತು ಅಕ್ಕ. ಡಾಕ್ಟರೂ ಹಾಗೇ ಅಂದಿದ್ರು.”

“ನಿಮ್ಮ ಸಭೆ ಹಿರಿಯರು ಏನಂತಾರೆ?”

“ಸ್ವಲ್ಪ ದಿನ ಬರ್ಬೇಡಿ ಅಂದ್ರು. ನನ್ನ ನೋಡಿದ್ರೆ ಬೇರೆಯವರ ನಂಬಿಕೆ ಅಲ್ಲಾಡುತ್ತಂತೆ.”

“ಥೂ! ಚಪ್ಪಾಳೆ ಹೊಡೆಯೋವಾಗ ಅವರಿಗೆ ನೀನು ಬೇಕಾಗಿದ್ದೆ, ಅಲ್ವಾ? ಇಷ್ಟಾದ್ಮೇಲೂ ಹೋಗ್ತೀಯಾ?”

“ಹೋಗ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ.”

“ಮಾನ ಮರ್ಯಾದೆ ಇಲ್ವೇನೇ ನಿಂಗೆ?”

“ಅವರ ಮುಖ ನೋಡ್ಕೊಂಡಾ ನಾನು ದೇವರನ್ನ ನಂಬಿದ್ದು?”

“ಯಾಕೆ ಹೀಗೆ ಮಾಡ್ದೆ ಅಂದ್ರೆ ಆ ನಿನ್ನ ದೇವರಾದ್ರೂ ಬಾಯಿ ಬಿಟ್ಟನಾ?”

“ಇಲ್ಲ. ನಂಗೂ ಒಂದೂ ಅರ್ಥ ಆಗ್ತಿಲ್ಲ. ದಿನಾ ಜಗಳ ಆಡ್ತೀನಿ. ಅವನನ್ನ ಬಿಟ್ಟು ಬೇರೆ ಯಾರ ಹತ್ರ ಹೋಗಿ ಆಡ್ಲಿ?”

“ಭಾನುವಾರ ಮತ್ತೆ ಮೈಕ್ ಕೊಡ್ತಾರಾ?”

“ಎಲ್ಲಿ ಕೊಡ್ತಾರೆ! ನಾನೇ ಎದ್ದು ನಿಂತ್ಕೊಳ್ತೀನಿ. ಕಾಯಿಲೆ ಮತ್ತೆ ಬಂದಿದೆ, ನಾನೂ ಮತ್ತೆ ಬಂದಿದ್ದೀನಿ ಅಂತೀನಿ.”

ಬಾಗಿಲು ತೆರೆದು ಗಾಲಿಕುರ್ಚಿ ಹೊರಬಂತು. ತಂಗಿ ಗಂಡನ ಹೊದಿಕೆ ಸರಿಮಾಡಿ ಕುರ್ಚಿ ತಳ್ಳಿಕೊಂಡು ಹೊರಟಳು. ಅಕ್ಕ ಚೀಲ ಎತ್ತಿಕೊಂಡು ಗೊಣಗುತ್ತ ಹಿಂದೆ ನಡೆದಳು.

“ನಾನು ಚರ್ಚಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷ ಆಯ್ತು. ಈ ಭಾನುವಾರ ಪಕ್ಕದಲ್ಲಿ ನಂಗೂ ಒಂದು ಜಾಗ ಹಿಡಿದಿಡು. ದೇವರಿಗೋಸ್ಕರ ಅಲ್ಲ ಮತ್ತೆ. ಆ ಹಿರಿಯರ ಮುಖ ನೋಡ್ಬೇಕು.”