ಕೊನೆಯ ಲಾಕಿಗೆ ಮುಂಚೆ

ಇಂಗ್ಲೆಂಡಿನ ಒಂದು ಕಾಲುವೆಯಲ್ಲಿ, ಕೈಯಿಂದ ತಳ್ಳುವ ಗೇಟುಗಳ ನಡುವೆ ನೀರು ತುಂಬಿಸಿ ದೋಣಿಗಳನ್ನು ಗುಡ್ಡದ ಮೇಲಕ್ಕೆ ಏರಿಸುವ ಲಾಕುಗಳ ಪೈಕಿ ಇನ್ನೊಂದೇ ಬಾಕಿ ಇತ್ತು. ದಡದ ಐಸ್‌ಕ್ರೀಂ ಕಿಟಕಿಯ ಮುಂದೆ ನಿಂತಿದ್ದ ಗಂಡ ಹೆಂಡತಿಯ ಮಾತು ಸಾಲಿನಲ್ಲಿ ಅವರ ಹಿಂದಿದ್ದ ಸೆಡ್ರಿಕ್ ಎಂಬ ಅಪರಿಚಿತನ ಕಿವಿಗೆ ತಾನಾಗಿ ಬಿತ್ತು. ಗಂಡನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಕೊನೇದಕ್ಕೆ ಚುಕ್ಕಾಣಿ ನಂಗೆ ಕೊಡು ವಿನ್ನಿ.”

“ಕೊಡಲ್ಲ. ಇವತ್ತು ಪೂರ್ತಿ ನಂದು ಅಂತ ಮಾತಾಗಿದೆ.”

“ಮೇಲೆ ಸೇತುವೆ ತುಂಬ ಜನ ನೋಡ್ತಿರ್ತಾರೆ ಕಣೇ.”

“ನೋಡ್ಲಿ ಬಿಡು. ಇಪ್ಪತ್ತು ಬೇಸಿಗೆ ನಾನು ಗೇಟು ತಳ್ಳೋದನ್ನ ನೋಡಿಲ್ವಾ?”

“ಆ ಗೇಟು ಎಷ್ಟು ಭಾರ ಗೊತ್ತಾ ನಿಂಗೆ?”

ವಿನ್ನಿ ಜೋರಾಗಿ ನಕ್ಕಳು. “ನನ್ನನ್ನ ಕೇಳ್ತೀಯಲ್ಲ ಡೆನ್ಜಿಲ್! ನೀನು ದೋಣೀಲಿ ಚಹಾ ಕುಡೀತಾ ನಿಂತಿರ್ತಿದ್ದೆ. ನಾನು ಹೊಲದಂಚಲ್ಲಿ ಲಾಕಿಂದ ಲಾಕಿಗೆ ನಡೀತಿದ್ದೆ.”

“ನಡಿಗೆ ನಿಂಗಿಷ್ಟ ಅಂದ್ಕೊಂಡಿದ್ದೆ.”

“ಇಷ್ಟಾನೇ. ಇವತ್ತು ಗೋಧಿ ಹೊಲ ನೋಡ್ಕೊಂಡು ನೀನು ನಡಿ.”

“ಹೋರಿಕರುಗಳು ಬೇಲಿಯುದ್ದಕ್ಕೂ ನನ್ನ ಹಿಂದೇನೇ ಬಂದ್ವು.”

“ನೀನು ಕೆಲಸ ಮಾಡೋದನ್ನ ಅವೂ ಮೊದಲ ಸಲ ನೋಡಿದ್ದು.”

ಕಿಟಕಿಯೊಳಗಿನ ಹೆಂಗಸು ಐಸ್‌ಕ್ರೀಂ ಚಾಚುತ್ತ ಡೆನ್ಜಿಲ್‌ನನ್ನು ಕೇಳಿದಳು: “ಆ ಹಸಿರು ದೋಣಿ ನಿಮ್ದಾ ಸರ್? ಕೆಳಗಿಂದ ಒಂದು ಗೋಡೆಗೂ ತಾಗಿಸದೆ ತಂದ್ರಂತಲ್ಲ, ಎಲ್ಲರ ಬಾಯಲ್ಲೂ ಅದೇ ಮಾತು!”

ವಿನ್ನಿ ಗಂಡನ ಮುಖವನ್ನೇ ನೋಡಿದಳು.

ಡೆನ್ಜಿಲ್ ಇಡೀ ಸಾಲಿಗೆ ಕೇಳುವಂತೆ ಹೇಳಿದ: “ನಡೆಸಿದ್ದು ನಾನಲ್ಲಮ್ಮ, ಇವಳು. ನಾನು ಬರೀ ಗೇಟು ತಳ್ಳೋನು.”

ಸಾಲಿನಲ್ಲಿ ಚಪ್ಪಾಳೆ ಬಿತ್ತು. ಸೆಡ್ರಿಕ್ ಕೂಡ ತಟ್ಟಿದ.

“ಹಾಗಾದ್ರೆ ಹೋಗಿ ತಳ್ಳು,” ಎಂದಳು ವಿನ್ನಿ. ಅವಳ ಮುಖ ಕೆಂಪೇರಿತ್ತು.

“ಆಯ್ತು ಕಪ್ತಾನರೇ!”

ಅವನು ಐಸ್‌ಕ್ರೀಂ ಎತ್ತಿ ಹಿಡಿದು ಏರುದಾರಿಯಲ್ಲಿ ಓಡಿದ. ಅವಳು ತಲೆಯೆತ್ತಿ ದೋಣಿಯ ಕಡೆ ನಡೆದಳು.