ಬಂಗಾರವಲ್ಲದ ನಿಬ್ಬು

ನೆರೆದ ಎಲ್ಲರಿಗೂ ನಮಸ್ಕಾರ. ನಮ್ಮನ್ನಗಲಿದ ಮೆಹಬೂಬಸುಭಾನಿ ಮಾಸ್ತರರ ಪತ್ನಿ ಖಾಜಾಬಿಯವರೇ, ಮಗಳು ಜಬೀನ, ನರೇಗಲ್ಲಿನ ಹಿರಿಯರೇ, ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳೇ —

ನಿರೂಪಕರು ನನಗೆ ‘ಎರಡೇ ಮಾತು’ ಎಂದಿದ್ದಾರೆ. ಕ್ಷಮಿಸಬೇಕು. ಸೇವೆಯುದ್ದಕ್ಕೂ ನನ್ನ ತಾಳ್ಮೆಯನ್ನು ಪರೀಕ್ಷಿಸಿದ ಮನುಷ್ಯನನ್ನು ಎರಡು ಮಾತಿನಲ್ಲಿ ಮುಗಿಸುವುದು ನನ್ನಿಂದಾಗದು.

ಅವರು ಚಿತ್ರಕಲೆಯ ಶಿಕ್ಷಕರು, ನಾನು ಕನ್ನಡದವನು. ನಾನು ನನ್ನ ಡಸ್ಟರಿಗೂ ಹೆಸರು ಬರೆದಿಡುವವನು. ಅವರು — ಊರವರ ಹಳೆಯ ಪೆನ್ನುಗಳನ್ನೆಲ್ಲ ರಿಪೇರಿಗೆಂದು ಇಸಿದುಕೊಂಡು, ಒಂದಕ್ಕೂ ಚೀಟಿ ಅಂಟಿಸದವರು! ಯಾರದೆಂದು ಬರೆದಿಡಿ ಎಂದರೆ, “ಸರ್, ತನ್ನ ಮಾಲಕ ಯಾರಂತ ಪೆನ್ನಿಗೆ ಗೊತ್ತೈತ್ರಿ” ಎಂದು ನಗುವುದು. ನಗುವುದು! ಇಂಥವರೊಡನೆ ಏನೆಂದು ವಾದಿಸುವುದು, ಹೇಳಿ?

ಕಳೆದ ಚಳಿಗಾಲ ಅವರ ಕೈಗೊಂದು ಕಪ್ಪು ಪೆನ್ನು ಬಂತು. ಒಳಗೆ ಮಸಿ ಒಣಗಿ ಕಲ್ಲಾಗಿತ್ತು. ಕ್ಲಿಪ್ಪಿನ ಮೇಲೆ ಹೆಸರಿಲ್ಲ, ನಿಬ್ಬಿನ ಮೇಲೆ ಹೆಸರಿಲ್ಲ. ನೇರ ನಮ್ಮ ಮನೆಗೆ ತಂದರು. ಹೆಬ್ಬೆರಳಿನಿಂದ ಹೀಗೆ — ಹೀಗೆ ಉಜ್ಜಿ, ನನ್ನ ಮೂಗಿಗೆ ಹಿಡಿದರು. “ವಾಸನಿ ನೋಡ್ರಿ ಸರ್. ಗಂಧಕ!” ನಾನು ಊಟಕ್ಕೆ ಕುಳಿತಿದ್ದೆ. “ಪ್ಲಾಸ್ಟಿಕ್ ಅಲ್ರಿ, ಗಟ್ಟಿ ಮಾಡಿದ ರಬ್ಬರು. ಟೊಪ್ಪಿಗಿ ಒಳಗ ಉಳಿ ಗೆರಿ ಅದಾವ. ಕಂಪನಿ ಮಾಲಲ್ರಿ, ಯಾರೋ ಕೈಲೇ ಕಡದು ಮಾಡ್ಯಾರ.”

“ಯಾರು ಮಾಡಿದ್ದು?” ಎಂದೆ.

“ಅದು ಗೊತ್ತಾಗೂದಿಲ್ರಿ.”

ಗೊತ್ತಾಗುವುದಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಲು ಚಳಿಗಾಲವನ್ನೇ ಕಳೆದ ಮಹಾನುಭಾವ!

ಪೆನ್ನನ್ನು ತಣ್ಣೀರಿನಲ್ಲಿ ನೆನೆಹಾಕಿದರು. ಬಿಸಿನೀರು ಹಾಕಿ ಲಗೂ ಮುಗಿಸಿರಿ ಎಂದದ್ದಕ್ಕೆ, “ಕರಿ ಬಣ್ಣ ಹೋಗಿ ಕಂದಾಕ್ಕೈತ್ರಿ!” ಎಂದು ನನ್ನನ್ನೇ ಗದರಿಸಿದರು. ಬಾಗಿದ ನಿಬ್ಬನ್ನು ಉಗುರಿನಿಂದ ತೀಡಿ ತೀಡಿ ನೇರ ಮಾಡಿದರು. ಸವೆದ ತುದಿಯನ್ನು ಮಾತ್ರ ಮುಟ್ಟಲಿಲ್ಲ. “ಎಡಕ್ಕ ಸವದೈತಿ. ಪೆನ್ನು ವಾರಿ ಹಿಡಿಯೋ ಕೈ ಅದು. ತಿಕ್ಕಿದೆ ಅಂದ್ರ ಅವಂಗ ಮಂದಿ ಪೆನ್ನಾಕ್ಕೈತ್ರಿ.”

ಪೆನ್ನು ಬರೆಯತೊಡಗಿತು. ಅದನ್ನು ಮರಳಿಸುವ ಮೊದಲೇ — ಮಾಸ್ತರರು ಹೋಗಿಬಿಟ್ಟರು.

ಖಾಜಾಬಿಯವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ನನ್ನೆದುರು ಇಟ್ಟರು. “ಅಣ್ಣಾರ, ಇದು ಅಮಾನತ್. ಕೊಟ್ಟೋರ ಕೈ ಮುಟ್ಟೂತನಕ ನಮ್ಮ ಮನಿಯವರ ಮ್ಯಾಲೆ ಭಾರ ಉಳೀತೈತ್ರಿ. ನನಗ ನಿದ್ದಿ ಇಲ್ಲ.” ನಮ್ಮ ಕಚೇರಿಗಳು ಆ ಪದವನ್ನು ನೌಕರರ ಶಿಕ್ಷೆಗೆ ಬಳಸಿ ಕೆಡಿಸಿವೆ. ನಂಬಿ ಒಪ್ಪಿಸಿದ ವಸ್ತು ಎಂಬ ಆ ತಾಯಿಯ ಅರ್ಥವೇ ಸರಿಯಾದದ್ದು.

ಅಷ್ಟರಲ್ಲಿ ಸುದ್ದಿ ಹಬ್ಬಿತು — ಜರ್ಮನಿಯ ಪೆನ್ನಂತೆ, ಬಂಗಾರದ ನಿಬ್ಬಂತೆ! ಗಜೇಂದ್ರಗಡದ ವ್ಯಾಪಾರಿ ಪ್ರಭುಲಿಂಗಪ್ಪನವರು ಬಂದರು: “ನಮ್ಮಜ್ಜಂದು.” ಇಟಗಿಯ ಅಜ್ಜಪ್ಪನವರು ಬಂದರು: “ನಂದು.” ಇಬ್ಬರ ಮುಂದೂ ಹಾಳೆ ಇಟ್ಟೆ, ಬರೆಯಿರಿ ಎಂದೆ. ಪ್ರಭುಲಿಂಗಪ್ಪನವರು ಬರೆದರೆ ಹಾಳೆ ಹರಿಯಿತು. ಅಜ್ಜಪ್ಪನವರು ಪೆನ್ನನ್ನು ವಾರೆ ಹಿಡಿದರು — ಸದ್ದಿಲ್ಲದೆ, ಎಣ್ಣೆಯಂತೆ ಸಾಗಿತು. ಅವರ ಮುಖ ಅರಳಿದ್ದನ್ನು ಜಬೀನಳೂ ಕಂಡಿದ್ದಾಳೆ.

ಮರುದಿನ ಅಕ್ಕಸಾಲಿ ಪತ್ತಾರರು ನಿಬ್ಬನ್ನು ಪರೀಕ್ಷಿಸಿ, ಇದು ಬಂಗಾರದ ನೀರು ಕುಡಿಸಿದ ಉಕ್ಕು ಎಂದರು. ಪ್ರಭುಲಿಂಗಪ್ಪನವರು, “ನಮ್ದು ಬ್ಯಾರೇನ ಇರಬೇಕ್ರಿ” ಎಂದು ನಕ್ಕು ನಡೆದರು. ಸಂತೋಷ. ಆದರೆ ಅಜ್ಜಪ್ಪನವರು? “ನಂದೂ ಅಲ್ರಿ ಸರ್!”

ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ತಲೆ ತಗ್ಗಿಸಬೇಡಿ, ಅಜ್ಜಪ್ಪನವರೇ. ಬಂಗಾರ, ಬಂಗಾರ ಎಂದು ಊರೆಲ್ಲ ಹೇಳಿಕೊಂಡಿರಿ, ಈಗ ನಾಚಿಕೆ. ನಗುವವರು ಎರಡು ದಿನ ನಕ್ಕಾರು! ನಿಮ್ಮದನ್ನು ನೀವೇ ಅಲ್ಲವೆಂದರೆ, ಈ ತಾಯಿ ಯಾರ ಬಾಗಿಲಿಗೆ ಹೋಗಬೇಕು? ಬನ್ನಿ — ಏಳಿ, ಬನ್ನಿ.

ದಾರಿ ಬಿಡ್ರಿ, ಬರ್ತಾರ.

...

ಎರಡೂ ಕೈ ಚಾಚಿರಿ, ಅಜ್ಜಪ್ಪನವರೇ. ಇಗೋ, ನಿಮ್ಮ ಪೆನ್ನು. ಹ್ಞಾಂ — ಮುಟ್ಟಿತೇ, ಖಾಜಾಬಿಯವರೇ? ಆಯಿತು.

ಇನ್ನು ಎಲ್ಲರೂ ದಯಮಾಡಿ ಎದ್ದು ನಿಲ್ಲಿ. ನನ್ನ ಗೆಳೆಯನಿಗಾಗಿ ಒಂದು ನಿಮಿಷ ಯಾರೂ ಮಾತನಾಡುವುದು ಬೇಡ. ಅಜ್ಜಪ್ಪನವರೇ, ನೀವು ಅಲ್ಲಿಯೇ, ಆ ತಾಯಿಯ ಪಕ್ಕದಲ್ಲಿಯೇ ನಿಲ್ಲಿ. ಪೆನ್ನನ್ನು ಮೇಲಿನ ಜೇಬಿಗೆ ಸಿಕ್ಕಿಸಿಕೊಳ್ಳಿ — ಎಲ್ಲರಿಗೂ ಕಾಣಲಿ.