ಟ್ರೈನ್ ಬೇಡ ಕಣೇ

...ಬೇಡ ಅಂದ್ರೆ ಬೇಡ! ಬಸ್ಸಲ್ಲಿ ಹೋಗೋಣ ಅಂತ ಎಷ್ಟು ಸಲ ಬಡ್ಕೊಂಡೆ? ಎರಡು ರಾತ್ರಿ, ಮೂರು ಹಗಲು, ಬೆಟ್ಟದ ಮೇಲೆ ಹಿಮ ನೋಡಿ ವಾಪಸ್. ಚಳಿಗಾಲದಲ್ಲಿ ರೂಮು ಅರ್ಧ ಬಾಡಿಗೆಗೆ ಸಿಗುತ್ತೆ ಅಂತ ನೀನಂದೆ, ನಾನು ಒಪ್ಪಿದೆ. ಮೂರು ಜನಕ್ಕೆ ಒಂದೇ ಬಕೆಟ್ ಬಿಸಿನೀರು ಅಂದೆ, ಅದನ್ನೂ ಒಪ್ಪಿದೆ. ಆದರೆ ಟ್ರೈನ್ ಬೇಡ ಕಣೇ. ಥೂ.

ಯಾಕೆ ನಗ್ತೀಯ? ಹನ್ನೊಂದು ವರ್ಷದಿಂದ ಸ್ಟೇಷನ್ನಿನ ಟಿಕೆಟ್ ಕೌಂಟರಲ್ಲಿ ಕೂರೋನು ನಾನು. ಟ್ರೈನಿನ ವಿಷಯ ನನಗಿಂತ ನಿನಗೆ ಜಾಸ್ತಿ ಗೊತ್ತಾ?

ಆ ಕಂಬಳಿಗಳನ್ನ ಒಗೀತಾರೆ ಅಂದ್ಕೊಂಡಿದ್ದೀಯಾ? ಎರಡು ತುದಿ ಹಿಡಿದು ಒಂದು ಸಲ ಕೊಡವೋದು, ಮತ್ತೆ ಮಡಚಿ ಇಡೋದು, ಅಷ್ಟೇ. ಮೊನ್ನೆ ಒಂದರೊಳಗೆ ಯಾರದೋ ಹಲ್ಲಿನ ಸೆಟ್ಟು ಸಿಕ್ತು. ಇನ್ನೂ ಒದ್ದೆಯಾಗಿತ್ತು... ಕಿಟಕಿ ಪಕ್ಕದ ಸೀಟು ಬೇಕು ಅಂತೀಯಲ್ಲ, ಅದರ ಸಂದಿಗೆ ಒಂದು ಸಲ ಕೈ ಹಾಕಿ ನೋಡು. ಮಗುವಿನ ಡೈಪರ್, ಜಗಿದು ಉಗಿದಿದ್ದು, ಕೊಳೆತ ಕಿತ್ತಳೆ ಸಿಪ್ಪೆ. ತಿಂದ ಕೈನ ಪರದೆಗೆ ಒರೆಸ್ತಾರೆ ಜನ. ಮೂಗನ್ನೂ.

ಇನ್ನು ಆ ಬೆಟ್ಟದ ಗಾಡಿಯ ಕಕ್ಕಸು! ಚಳಿಗೆ ನಲ್ಲಿಯೊಳಗೇ ನೀರು ಗಟ್ಟಿಯಾಗುತ್ತೆ. ಆದರೂ ಹೋಗೋರು ಹೋಗ್ತಾನೇ ಇರ್ತಾರೆ. ಗಾಡಿ ಕೆಳಗೆ ಬರೋ ಹೊತ್ತಿಗೆ ಎಲ್ಲಾ ಕಲ್ಲು. ಬಿಸಿನೀರು ಸುರಿದು, ಮೊಣಕಾಲೂರಿ, ತಗಡಿನ ಚೂರಲ್ಲಿ ಕೆರೀಬೇಕು. ಕೆರೆದರೂ ಬಿಡಲ್ಲ ಅದು, ಮುಖಕ್ಕೇ ಎಗರುತ್ತೆ. ಮೂರು ಸಲ ಸೋಪು ಹಾಕಿ ತೊಳೆದರೂ, ಊಟಕ್ಕೆ ಕೂತಾಗ ಕೈ ಮೂಸಿದರೆ...

ಯಾಕೆ ಹಾಗೆ ನೋಡ್ತೀಯ? ಬೋಗಿ ತೊಳೆಯೋರು ಹೇಳ್ತಿರ್ತಾರೆ. ಕೌಂಟರ್ ಹತ್ರ ಬಂದು ಗೋಳು ಹೇಳ್ಕೋತಾರೆ. ಅಂಥೋರ ಸಹವಾಸ ನನಗ್ಯಾಕೆ ಅಂತಾನಾ? ಅದನ್ನೇ ನಾನೂ ಹೇಳೋದು! ಅವರಲ್ಲಿ ಒಬ್ಬ ಪೊರಕೆ ಹಿಡ್ಕೊಂಡು ಬಂದು, ಪುಟ್ಟಿ ಎದುರಿಗೆ ನನ್ನ ಹೆಗಲ ಮೇಲೆ ಕೈ ಹಾಕಿದರೆ? ನಮ್ಮಪ್ಪ ಟಿಕೆಟ್ ಕೊಡೋರು ಅಂತ ಶಾಲೇಲೆಲ್ಲ ಹೇಳ್ಕೊಂಡಿದ್ದಾಳೆ ಅವಳು. ಬಸ್ಸಲ್ಲಿ ಹೋಗೋಣ. ಮರ್ಯಾದೆಯಾಗಿ.

ಏನದು? ...ಆಗಲೇ ಟಿಕೆಟ್ ತಗೊಂಡ್ಯಾ? ನಮಗೆ ಎರಡು, ಪುಟ್ಟಿಗೆ ಅರ್ಧ. ದುಡ್ಡು ಕೊಟ್ಟು! ಅಲ್ಲ, ಕೌಂಟರಲ್ಲಿ ಕೂರೋರ ಮನೆಮಂದಿಗೆಲ್ಲ ಪಾಸ್ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ರೂಮಿನ ಬಾಡಿಗೆಗೆ ಅಷ್ಟು ಚೌಕಾಸಿ ಮಾಡಿದೋಳು, ಪಾಸ್ ಯಾಕೆ ಕೇಳಲಿಲ್ಲ ನೀನು?

...ಯಾವತ್ತೂ ಕೇಳಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ.

ಮಾತಾಡೇ.

ಆ ಚೀಟಿ ಏನು? ತಗೊಂಡು ಹೋಗೋ ಸಾಮಾನಾ? ಪುಟ್ಟಿ ಅಕ್ಷರ. ಮೂರು ಸ್ವೆಟರ್. ಟೋಪಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅಪ್ಪನ ಕೈಗೆ ಮುಲಾಮು. "ಕಸ ಹಾಕೋಕೆ ದೊಡ್ಡ ಚೀಲ. ನಾವು ಕೂತ ಜಾಗ ನಾವೇ ಕ್ಲೀನ್ ಮಾಡಿ ಇಳೀಬೇಕು. ಅವತ್ತು ಅಪ್ಪನಿಗೆ ರಜ, ಅಪ್ಪನ ಜೊತೆಯವರಿಗೆ ಇರಲ್ಲ."

ಯಾವಾಗಿಂದ ಗೊತ್ತು ಇವಳಿಗೆ?

ಬಿಡು. ಕೈ ಬಿಡೇ... ವಾಸನೆ ಬರುತ್ತೆ.